ಮೂರನೇ ಕ್ರಾಸಿನ ಸೈರನ್

2025ರ ಜೂನ್ 9, ಸೋಮವಾರ, ಬೆಳಿಗ್ಗೆ 10.15. ಬಸವೇಶ್ವರನಗರದ ಠಾಣೆಗೆ ಹದಿನಾಲ್ಕು ಸಹಿಗಳಿದ್ದ ಅರ್ಜಿಯೊಂದು ಬಂತು. ತಂದವರು ದಾನಮ್ಮ. ಮೂರನೇ ಕ್ರಾಸಿನ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದು ಬ್ಲೌಸ್ ಹೊಲಿಯುವವರು.

"ಕೆಳಗಡೆ ಓನರ್ ಮಹೇಶ್ ಅವ್ರ ಕಾರು ಮೇಡಂ. ಎರಡು ವಾರದಿಂದ ಸೈರನ್ ಹೊಡ್ಕೊಳ್ತಾನೇ ಇದೆ. ಯಾರೂ ಮುಟ್ಟಲ್ಲ, ಬೆಕ್ಕೂ ಹತ್ತಲ್ಲ."

"ಅವರೇನಂತಾರೆ?" ಪಿಎಸ್‌ಐ ಬಸವರಾಜೇಶ್ವರಿ ಕೇಳಿದರು.

"ಅವ್ರು ಪೀಣ್ಯದ ಫ್ಯಾಕ್ಟರೀಲಿರ್ತಾರೆ, ಅವ್ರಿಗೇನು ಕೇಳ್ಸುತ್ತೆ? ತಗೊಳಿ, ಟೈಮ್ ಎಲ್ಲಾ ಬರ್ದಿಟ್ಟಿದೀನಿ."

ಅದು ಅಳತೆ ಬರೆಯುವ ಪುಸ್ತಕ. ಹೆಡ್ ಕಾನ್‌ಸ್ಟೆಬಲ್ ರೇವಣಸಿದ್ದ ನಕ್ಕರು. "ಇದ್ರಲ್ಲಿ ಸೈರನ್ ಯಾವ್ದು, ತೋಳಿನ ಅಳತೆ ಯಾವ್ದು ಆಂಟಿ?"

"ನಗಿ ಸಾರ್, ನಗಿ. ಒಂದಿನ ನಮ್ಮನೇಲಿ ಬಂದು ಕೂತ್ಕೊಳಿ, ಗೊತ್ತಾಗುತ್ತೆ."

ಎಫ್‌ಐಆರ್ ಆಗುವ ವಿಷಯವಾಗಿರಲಿಲ್ಲ. ಸಂಜೆ ಮಹೇಶ್‌ನನ್ನು ಕರೆಸಲಾಯಿತು. ನಲವತ್ತು ದಾಟಿದ, ಮೆಲುಮಾತಿನ ಮನುಷ್ಯ.

"ಮನೆಯಲ್ಲಿ ಯಾರಿದ್ದಾರೆ?"

"ನಾನೊಬ್ನೇ ಮೇಡಂ. ಅಪ್ಪ ಊರಿಗೆ ಹೋಗಿದಾರೆ. ಕಾರಿನ ಕೀ ಕೊಟ್ಟಿರ್ತೀನಿ, ಏನಾಗಿದ್ಯೋ ನೋಡ್ಸಿ."

ಮಂಗಳವಾರ ಆಟೊ ಎಲೆಕ್ಟ್ರಿಷಿಯನ್ ಅಮರೇಶ ಬಂದು, ಅಲುಗಾಟ ಗುರುತಿಸುವ ಸೆನ್ಸರನ್ನು ಬಿಚ್ಚಿದ. ಬುಧವಾರ ಮತ್ತೆ ಕೂಗಿತು. ಹೊಸ ಸೈರನ್ ಹಾಕಿದ. ಗುರುವಾರ ಮಧ್ಯಾಹ್ನ 12.05ಕ್ಕೆ ಅದೂ ಕೂಗಿತು. ಬಸವರಾಜೇಶ್ವರಿ ಫೋನಿನಲ್ಲಿ, "ಸೈರನ್ನಿನ ವೈರ್ ಕಿತ್ತುಬಿಡಿ" ಎಂದರು. ಬೀದಿ ತಣ್ಣಗಾಯಿತು.

ಶನಿವಾರ ಬೆಳಿಗ್ಗೆ, ಅರ್ಜಿ ಮುಕ್ತಾಯಗೊಳಿಸುವ ಮೊದಲು ಅವರು ದಾನಮ್ಮನ ಪುಸ್ತಕವನ್ನು ಪೂರ್ತಿ ಓದಿದರು. ಮೂವತ್ತೊಂದು ನಮೂದುಗಳು. ಎಲ್ಲವೂ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರೊಳಗೆ. ಭಾನುವಾರ ಒಂದೂ ಇಲ್ಲ. ಬಸವರಾಜೇಶ್ವರಿ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಸಡಿಲವಾದ ವೈರು ವಾರದ ರಜೆ ತೆಗೆದುಕೊಳ್ಳುವುದಿಲ್ಲ. ಮಹೇಶ್ ಮನೆಯಲ್ಲಿಲ್ಲದಾಗ ಮಾತ್ರ ಕಾರು ಕೂಗುತ್ತಿತ್ತು.

11.20ಕ್ಕೆ ಅವರು, ರೇವಣಸಿದ್ದ ಮತ್ತು ಅಮರೇಶ ಕಾರಿನ ಮುಂದೆ ನಿಂತಿದ್ದರು. ಮನೆಗೆ ಬೀಗ ಹಾಕಿತ್ತು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಕಾರಿನ ನಾಲ್ಕೂ ಇಂಡಿಕೇಟರುಗಳು ಒಟ್ಟಿಗೆ ಮಿನುಗತೊಡಗಿದವು. ಸದ್ದಿಲ್ಲ. ಅರ್ಧ ನಿಮಿಷ ಮಿನುಗಿ ನಿಂತವು. ಮತ್ತೆ ಮಿನುಗಿದವು.

ಅಮರೇಶ ಬಾಗಿ ಇಂಡಿಕೇಟರ್ ನೋಡಿದ. "ಮೇಡಂ, ಇದು ಫಾಲ್ಟ್ ಅಲ್ಲ. ಯಾರೋ ರಿಮೋಟಲ್ಲಿ ಪ್ಯಾನಿಕ್ ಬಟನ್, ಅದೇ ಸೈರನ್ ಹೊಡ್ಸೋ ಗುಂಡಿ, ಒತ್ತಾ ಇದಾರೆ. ನಂಗೆ ಕೊಟ್ಟಿದ್ದು ಒಂದೇ ರಿಮೋಟು, ಇನ್ನೊಂದಿರ್ಬೋದು ಅಂತ ಹೊಳೀಲೇ ಇಲ್ಲ."

"ಎಷ್ಟು ದೂರದಿಂದ ಒತ್ತಬಹುದು?"

"ಹಳೇ ರಿಮೋಟು. ಗೋಡೆ ಅಡ್ಡ ಇದ್ರೆ ಮೂವತ್ತಡಿ, ಅಷ್ಟೇ."

ಬಸವರಾಜೇಶ್ವರಿ ಮಹೇಶ್‌ಗೆ ಫೋನ್ ಮಾಡಿದರು.

"ಎರಡನೇ ರಿಮೋಟ್ ಎಲ್ಲಿದೆ?"

"ಅಪ್ಪನ ಹತ್ರ ಇತ್ತು. ಕಳ್ದೋಗಿದೆ."

"ಅಪ್ಪನ ಜೊತೆ ಮಾತಾಡಬೇಕು, ಊರಿನ ನಂಬರ್ ಕೊಡಿ."

ಕರೆ ಕಡಿತವಾಯಿತು.

11.42ಕ್ಕೆ ದಾನಮ್ಮ ಮತ್ತು ಅಮರೇಶನನ್ನು ಪಂಚರನ್ನಾಗಿಸಿಕೊಂಡು ಬೀಗ ಒಡೆಯಲಾಯಿತು. ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ. ಒಳಗೆ ಮಂಚದ ಮೇಲೆ ಮಹೇಶ್‌ನ ತಂದೆ ಚಿಕ್ಕಹನುಮಯ್ಯ, ಎಪ್ಪತ್ತಾರು ವರ್ಷ, ನಿವೃತ್ತ ಬಸ್ ಚಾಲಕ. ಬಲಗೈ, ಬಲಗಾಲು ಸತ್ತಂತೆ ಬಿದ್ದಿದ್ದವು. ಬಾಯಿ ಸೊಟ್ಟಗಾಗಿತ್ತು. ಪೊಲೀಸರನ್ನು ನೋಡಿಯೂ ಎಡಗೈಯ ಹೆಬ್ಬೆರಳು, ದಿಂಬಿನ ಚೀಲದೊಳಗೆ ಅಡಗಿಸಿಟ್ಟಿದ್ದ ರಿಮೋಟಿನ ಗುಂಡಿಯನ್ನು ಒತ್ತುತ್ತಲೇ ಇತ್ತು.

"ಅಜ್ಜಾ, ಬಂದಿದೀವಿ, ಸಾಕು ಬಿಡಿ" ಎಂದು ರೇವಣಸಿದ್ದ ಆ ಬೆರಳನ್ನು ಮೆಲ್ಲಗೆ ಬಿಡಿಸಿದರು. ಮುದುಕರ ಗಂಟಲಿನಿಂದ ಉಸಿರಷ್ಟೇ ಬಂತು.

ದಾನಮ್ಮ ಒಳಗೆ ಬಂದು ಮುದುಕರ ಕಾಲ ಮೇಲೆ ಹೊದಿಕೆ ಎಳೆದರು. "ಇವ್ರ ತಲೆ ಮೇಲೇ ಮಿಷನ್ ತುಳೀತಾ ಕೂತಿದ್ನಲ್ಲಪ್ಪಾ. ನಾನೇ ಮನೆ ಮನೆ ತಿರುಗಿ ಸೈನ್ ಹಾಕ್ಸಿದೆ."

ಬಸವರಾಜೇಶ್ವರಿ 108ಕ್ಕೆ ಕರೆ ಮಾಡಿದರು. ಆಂಬ್ಯುಲೆನ್ಸ್ ಹೋದ ಮೇಲೆ ಪಂಚನಾಮೆ ಬರೆಸಿದರು. ಎರಡು ದಿನದ ಹಿಂದೆ ಸೈರನ್ನಿನ ಸಂಪರ್ಕ ತಪ್ಪಿಸಿದ್ದು ತಮ್ಮ ಆದೇಶದಿಂದ ಎಂಬ ವಾಕ್ಯವನ್ನೂ ಸೇರಿಸಿದರು. ಬರಹಗಾರ ಪೇದೆ ತಲೆಯೆತ್ತಿ ನೋಡಿದಾಗ, "ಬರಿ" ಎಂದರು.

ಅಕ್ರಮ ಬಂಧನ ಮತ್ತು ಗಾಯಗೊಳಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 3.50ಕ್ಕೆ ಗೊರಗುಂಟೆಪಾಳ್ಯದ ಬಸ್ ಸ್ಟಾಪಿನಲ್ಲಿ ಮಹೇಶ್‌ನನ್ನು ಬಂಧಿಸಲಾಯಿತು. ಅವನು ಓಡಲಿಲ್ಲ.

"ನಿಮ್ಮಪ್ಪನನ್ನು ಬೀದಿಯವರು ಕೊನೆಗೆ ನೋಡಿದ್ದು ಮೇ ಇಪ್ಪತ್ತೆರಡಕ್ಕೆ. ಅವತ್ತು ಏನಾಯ್ತು?"

"ಕಣ್ಣು ಕಾಣಲ್ಲ, ಕಾರು ಓಡಿಸ್ಬೇಡ ಅಂದೆ. ಕೇಳ್ಲಿಲ್ಲ. ಕೀ ಕಿತ್ಕೊಳಕ್ಕೆ ಹೋದೆ, ತಳ್ಳಾಡ್ಬಿಟ್ವಿ. ಮೆಟ್ಲಿಗೆ ತಲೆ ಹೊಡೀತು."

"ಆಸ್ಪತ್ರೆಗೆ ಯಾಕೆ ಕರೆದೊಯ್ಯಲಿಲ್ಲ?"

"ಮೊದ್ಲು ಚೆನ್ನಾಗೇ ಇದ್ರು. ಮಾರನೇ ದಿನ ಮಾತು ನಿಂತೋಯ್ತು. ತಲೆ ಗಾಯ ನೋಡಿದ್ರೆ ಡಾಕ್ಟ್ರು ಪೊಲೀಸಿಗೆ ಹೇಳ್ತಾರಲ್ಲ ಮೇಡಂ. ದಿನಾ ಬೆಳಿಗ್ಗೆ ಗಂಜಿ ಕುಡಿಸಿ, ಬಟ್ಟೆ ಬದಲಾಯ್ಸಿ ಹೋಗ್ತಿದ್ದೆ."

"ಎಷ್ಟು ದಿನ ಹೀಗೇ ಇಡಬೇಕು ಅಂತಿದ್ರಿ?"

"ಗಾಯದ ಮೇಲೆ ಕೂದಲು ಬೆಳೀಲಿ ಅಂತ ಕಾಯ್ತಿದ್ದೆ."