ಕಾಣೆಯಾದ ಎಂಟು ಪೆಟ್ಟು

ಚಿತ್ರ ಜಿಗಿಯಿತು.

ಪರದೆಯ ಮೇಲೆ ಸಂಘರ್ಷ ಎದುರಾಳಿಯ ಸೊಂಟಕ್ಕೆ ಕೈ ಹಾಕಿದ್ದ. ಇನ್ನೇನು ಎತ್ತಿ ಒಗೆಯಬೇಕು. ಮರುಕ್ಷಣ ನೋಡಿದರೆ ಅವನೇ ಕೆಳಗೆ, ಅಭಿಜಿತ ಮೇಲೆ, ತೀರ್ಪು ಹೇಳುವ ಪಂಚ, ಕುಸ್ತಿ ಕಲಿಸುವ ಕಲ್ಲಯ್ಯ ವಸ್ತಾದರ ಬಾಯಲ್ಲಿ ಸೀಟಿ.

"ಹಿಂದ ತಗೋರಿ," ಎಂದ ಸಂಘರ್ಷ.

ಶ್ರೀಪಾಲ ಹಿಂದಕ್ಕೆ ಎಳೆದ. ಮತ್ತೆ ಅದೇ ಜಿಗಿತ.

ಬೇಡಗ ಊರಿನ ಕುಸ್ತಿ ಪಂದ್ಯಾವಳಿಯ, ಅಲ್ಲಿಯವರ ಮಾತಿನಲ್ಲಿ ಮೈದಾನದ, ಕೊನೆಯ ಜೋಡಿ ಅದು. ಭಾನುವಾರ ನಡೆದದ್ದು. ಅಭಿಜಿತನೇ ಮೊದಲು ಚಿತ್ ಆದ, ಅವನ ಎರಡೂ ಭುಜ ಮಣ್ಣಿಗೆ ತಾಗಿದವು ಎಂದು ಸಂಘರ್ಷ ತಕರಾರು ಎತ್ತಿದ್ದ. ಕಮಿಟಿ ಕರಾರು ಹಾಕಿತು. ವಿಡಿಯೊ ನೋಡೋಣ, ಮಾತು ನಿಜವಾದರೆ ಬಹುಮಾನದ ಬೆಳ್ಳಿಗದೆ ನಿನ್ನದು, ಸುಳ್ಳಾದರೆ ಮೂರು ವರ್ಷ ಯಾವ ಕಣಕ್ಕೂ ಇಳಿಯುವಂತಿಲ್ಲ. ಸಂಘರ್ಷನಿಗೆ ಇಪ್ಪತ್ತಾರು. ಮೂರು ವರ್ಷ ಎಂದರೆ ಅವನ ಕುಸ್ತಿ ಮುಗಿದ ಹಾಗೆ.

ಆದ್ದರಿಂದ ಗುರುವಾರ ಎಲ್ಲರೂ ಮಾಧವನಗರದ ಶ್ರೀಪಾಲನ ಸ್ಟುಡಿಯೊದಲ್ಲಿ ಸೇರಿದ್ದರು. ಮೈದಾನದ ವಿಡಿಯೊ ತೆಗೆದವನು ಅವನೇ.

"ಹೊಸ ಗ್ರಾಫಿಕ್ಸ್ ಕಾರ್ಡಿಂದ ಹಿಂಗಾಗೇತ್ರಿ," ಎಂದ ಶ್ರೀಪಾಲ. "ಮಂಗಳವಾರ ಹಾಕಿಸೇನಿ. ಅವತ್ತಿಂದ ಯಾವ ವಿಡಿಯೊನೂ ನೆಟ್ಟಗ ಓಡವಲ್ದು."

"ಕ್ಯಾಸೆಟ್ ಎಲ್ಲೈತಿ?" ಕೇಳಿದವರು ಕಮಿಟಿಯ ಹಿರಿಯ, ಬೆಲ್ಲದ ವ್ಯಾಪಾರಿ ತವನಪ್ಪ.

"ಅದರ ಮ್ಯಾಲ ಬುಧವಾರ ಲಗ್ನ ತಗದೇನ್ರಿ ಕಾಕಾ. ಒಂದ ಕ್ಯಾಸೆಟ್ ನಾಕ ಸಲ ವಾಪರ್ತೇವಿ."

"ಹಂಗಾರ ಸಂಘರ್ಷ ಶನಿವಾರದೊಳಗ ಪುರಾವೆ ತರಲಿ. ಇಲ್ಲಂದ್ರ ಕರಾರಿನಂಗ."

ಗದೆ ಕೊಟ್ಟವರು ತವನಪ್ಪ. ಗದೆ ಗೆದ್ದ ಅಭಿಜಿತ ತವನಪ್ಪನ ಅಣ್ಣನ ಮಗ. ಸಂಘರ್ಷ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರನ್ನು ನಂಬಬೇಕೋ ಅವನಿಗೆ ತಿಳಿಯಲಿಲ್ಲ.

* * *

ಆ ಕಾರ್ಡ್ ಹಾಕಿದವಳು ಹರ್ಷದಾ. ಸಾಂಗ್ಲಿಯಲ್ಲಿ ಗಲ್ಲಿಗೊಂದು ಸೈಬರ್ ಕೆಫೆ ತೆರೆದುಕೊಂಡ ಕಾಲ. ಬಸ್ ಸ್ಟ್ಯಾಂಡ್ ಹತ್ತಿರ ಅವಳ ಕಂಪ್ಯೂಟರ್ ರಿಪೇರಿ ಅಂಗಡಿ ಚೆನ್ನಾಗಿಯೇ ನಡೆದಿತ್ತು. ಒಬ್ಬ ಪೈಲ್ವಾನನ ಬಾಳು ಹಾಳು ಮಾಡಿದ ಕಾರ್ಡು ಎಂಬ ಸುದ್ದಿ ಶುಕ್ರವಾರ ಬೆಳಿಗ್ಗೆ ಅವಳ ಕಿವಿಗೆ ಬಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸು. ಅಂಗಡಿಗೆ ಬೀಗ ಜಡಿದು ಮಾಧವನಗರದ ಆಟೋ ಹತ್ತಿದಳು.

ಸ್ಟುಡಿಯೊದಲ್ಲಿ ಕಂಪ್ಯೂಟರಿನ ಡಬ್ಬ ಬಿಚ್ಚಿದಳು. ಕಾರ್ಡ್ ಸರಿಯಾಗಿ ಕೂತಿತ್ತು. ಫ್ಯಾನ್ ತಿರುಗುತ್ತಿತ್ತು. ಒಂದು ಲಗ್ನದ ವಿಡಿಯೊ ಹಚ್ಚಿದಳು. ಮಾಲೆ ಹಿಡಿದ ಮದುಮಗಳ ಕೈ ಗಾಳಿಯಲ್ಲೇ ನಿಂತಿತು. ಸನಾದಿಯ ಸದ್ದು ಮಾತ್ರ ತನ್ನಷ್ಟಕ್ಕೆ ಸಾಗಿತ್ತು. ಮತ್ತೊಮ್ಮೆ ಹಚ್ಚಿದಳು. ಈ ಸಲ ಬೇರೆ ಕಡೆ ನಿಂತಿತು.

"ಹಳೇ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ತಗೀದ ಹೊಸಾದು ಹಾಕೇನಿ," ಎಂದಳು. "ಎರಡೂ ಜಗಳಾಡಾಕತ್ತಾವ. ಇದು ನನ್ನ ತಪ್ಪು."

ಶ್ರೀಪಾಲನ ಮುಖ ಅರಳಿತು. "ನಾ ಹೇಳಲಿಲ್ಲೇನ್ರಿ? ಚಾ ತರಸ್ಲಿ?"

ಹಳೆಯ ಡ್ರೈವರ್ ಕಿತ್ತು ಹಾಕಿದ ಮೇಲೆ ಲಗ್ನ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಕುಸ್ತಿ ಹಚ್ಚಿದಳು. ಚಿತ್ರ ಜಿಗಿಯಿತು. ನಾಲ್ಕು ಸಲ ಹಚ್ಚಿದಳು. ನಾಲ್ಕು ಸಲವೂ ಅದೇ ಜಾಗದಲ್ಲಿ ಜಿಗಿಯಿತು.

"ಚಾ ತರಸ್ಲಿ?" ಶ್ರೀಪಾಲ ಮತ್ತೆ ಕೇಳಿದ. ಅವನ ಹಣೆಯ ಮೇಲೆ ಬೆವರು.

"ಬ್ಯಾಡ್ರಿ. ಇದರದೊಂದು ಸಿ.ಡಿ. ಮಾಡಿ ಕೊಡ್ರಿ. ಅಂಗಡ್ಯಾಗ ಕುಂತು ನೋಡತೇನಿ."

* * *

ಮಧ್ಯಾಹ್ನ ಅಂಗಡಿಗೆ ಜಟ್ಟೆಪ್ಪನನ್ನು ಕರೆಸಿದಳು. ಮಿರಜ ಸ್ಟೇಷನ್ನಿನಲ್ಲಿ ಹಮಾಲಿ ಮಾಡುವ ಮುದುಕ. ಮೈದಾನವಿದ್ದಾಗ ಕಣದ ಅಂಚಿಗೆ ನಿಂತು ಹಲಗಿ ಬಾರಿಸುತ್ತಾನೆ.

"ಚಿತ್ರ ನೋಡಬ್ಯಾಡ್ರಿ ಕಾಕಾ. ಬರೇ ಕೇಳ್ರಿ."

ಜಟ್ಟೆಪ್ಪ ಕಣ್ಣು ಮುಚ್ಚಿದ. ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಇದ್ದಕ್ಕಿದ್ದಂತೆ ಮುಗ್ಗರಿಸಿ ನಿಂತವು.

"ನನ್ನ ಎಂಟು ಪೆಟ್ಟು ಎಲ್ಲಿ ಹೋದ್ವು?"

"ಯಾವ ಎಂಟು?"

"ಪೈಲ್ವಾನ ಬೆನ್ನ ಮ್ಯಾಲ ಬಿದ್ದನಂದ್ರ ಬಿಡಿಬಿಡಿ ಎಂಟು ಬಡಿತೇನಿ. ನಮ್ಮಪ್ಪನೂ ಹಂಗ ಬಡೀತಿದ್ದ. ಆಮ್ಯಾಲ ಓಟದ ಜೋರು ಬಡಿತ. ಇಲ್ಲಿ ಎಂಟು ಇಲ್ಲ, ಸೀದಾ ಓಟ ಐತಿ."

"ಅಂದ್ರ ಅಭಿಜಿತ ಬಿದ್ದದ್ದು ನೀವು ನೋಡೀರಿ?"

"ನೋಡದ ಹೆಂಗ ಬಡಿಲಿ?"

"ಮತ್ಯಾಕ ಹೇಳಲಿಲ್ಲ?"

"ಹಲಗಿ ಬಡಿಯೋನ್ನ ಯಾರು ಕೇಳ್ತಾರವ್ವಾ."

ಹರ್ಷದಾಗೆ ನಾಚಿಕೆಯಾಯಿತು. ಅಷ್ಟು ಮೈದಾನ ನೋಡಿದ್ದಳು. ಹಲಗಿಯವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಒಂದು ಮಾತು ಖಾತ್ರಿಯಾಯಿತು. ಕಾರ್ಡ್ ಕೈಕೊಟ್ಟರೆ ಚಿತ್ರ ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ. ಇಲ್ಲಿ ಸದ್ದೂ ಕಾಣೆ. ಯಾರೋ ಕತ್ತರಿಸಿದ್ದಾರೆ. ಕತ್ತರಿಸಿದ ಕೈ ಶ್ರೀಪಾಲನದೇ. ಆದರೆ ಅವನಿಗೆ ಅದರಿಂದ ಏನು ಲಾಭ? ಹೇಳಿ ಮಾಡಿಸಿದವರು ಯಾರು?

* * *

ಬುಧವಾರ ಲಗ್ನ ನಡೆದದ್ದು ಮಾಧವನಗರದ ಚಂದ್ರಾಬಾಯಿಯ ಮನೆಯಲ್ಲಿ. ಸಂಜೆಯೊಳಗೆ ಹರ್ಷದಾ ಅಲ್ಲಿದ್ದಳು.

"ಕ್ಯಾಸೆಟ್ ನನ್ನ ಕಡೇನ ಐತಿ," ಎಂದಳು ಚಂದ್ರಾಬಾಯಿ. "ಕಂಪ್ಯೂಟರಿಗೆ ಇಳಿಸಿಕೊಂಡ ಕೂಡಲೆ ಕಸಗೊಂಡು ಬಂದೇನಿ. ಅವನ ಸಿ.ಡಿ. ಕೈಗೆ ಬರೋತನಕ ಕೊಡಂಗಿಲ್ಲ. ಮೊದಲ ಲಗ್ನಕ್ಕ ತಡಾ ಮಾಡಿ ಬಂದ."

"ಯಾಕ ತಡಾ ಆತು ಮಾವಶಿ?"

"ಮುಂಜಾನಿ ತವನಪ್ಪನ ಜೀಪು ಅವನ ಸ್ಟುಡಿಯೊ ಮುಂದ ನಿಂತಿತ್ತಲ್ಲ, ತಾಸುಗಟ್ಟಲೆ. ಕಡೀಕ ಮಗಳನ್ನ ಕಳಸೋ ಹೊತ್ನಾಗ ಬ್ಯಾಟರಿ ಸತ್ತು ಹೋತು. ಅರ್ಧ ಅಳೂನೂ ಬಂದಿಲ್ಲ ನೋಡು."

ತವನಪ್ಪನ ಜೀಪು. ಹರ್ಷದಾ ತಲೆಯಾಡಿಸಿದಳು. ಅನುಮಾನ ಗಟ್ಟಿಯಾಗುತ್ತಿತ್ತು. ಆದರೆ ಅವಳ ಮನಸ್ಸು ಹಿಡಿದದ್ದು ಇನ್ನೊಂದು ಮಾತನ್ನು. ಬ್ಯಾಟರಿ ಸತ್ತಿತ್ತು. ಅಂದರೆ ಲಗ್ನ ಕ್ಯಾಸೆಟ್ಟಿನ ತುದಿ ಮುಟ್ಟಿರಲಿಲ್ಲ. ಕೊನೆಯ ಜೋಡಿಯ ಕುಸ್ತಿ ಇದ್ದದ್ದು ತುದಿಯಲ್ಲೇ.

* * *

ಶನಿವಾರ ಬೆಳಿಗ್ಗೆ. ಬೇಡಗದ ತಾಲೀಮಿನಲ್ಲಿ, ಊರ ಗರಡಿಮನೆಯಲ್ಲಿ, ಕಮಿಟಿ ಕೂತಿತ್ತು. ಅಭಿಜಿತ, ಶ್ರೀಪಾಲ, ಕಲ್ಲಯ್ಯ ವಸ್ತಾದರೂ ಬಂದಿದ್ದರು. ಸಂಘರ್ಷನ ತಾಯಿ ಕಾಡವ್ವ ಕೂಲಿ ಬಿಟ್ಟು ಬಂದಿದ್ದಳು. ಜಟ್ಟೆಪ್ಪ ಹಲಗಿ ಹಿಡಿದು ಬಾಗಿಲ ಹೊರಗೆ ನಿಂತಿದ್ದ. ಹರ್ಷದಾ ಕ್ಯಾಮೆರಾವನ್ನು ಟಿ.ವಿ.ಗೆ ಜೋಡಿಸಿ, ರಾತ್ರಿಯೇ ಕೇಳಿ ತಂದು ನೋಡಿಟ್ಟಿದ್ದ ಚಂದ್ರಾಬಾಯಿಯ ಕ್ಯಾಸೆಟ್ ಹಾಕಿದಳು.

ಮದುಮಗಳು ತಾಯಿಯನ್ನು ತಬ್ಬಿ ಬಿಕ್ಕಿದಳು. ಪರದೆ ಕ್ಷಣಕಾಲ ನೀಲಿಯಾಯಿತು. ಆಮೇಲೆ ಕೆಂಪು ಮಣ್ಣು, ಹಲಗಿಯ ಸದ್ದು.

ಶ್ರೀಪಾಲ ತಲೆ ತಗ್ಗಿಸಿದ.

ಸಂಘರ್ಷ ಅಭಿಜಿತನನ್ನು ಎತ್ತಿ ಒಗೆದ. ಎರಡೂ ಭುಜ ಮಣ್ಣಿಗೆ ತಾಗಿದವು. ಹಲಗಿ ಬಿಡಿಬಿಡಿಯಾಗಿ ಮೊಳಗಿತು. ಪಂಚ ಕಲ್ಲಯ್ಯ ಎಲ್ಲಿ? ಮೂರು ಹೆಜ್ಜೆ ಆಚೆ, ಮಂಡಿಯೂರಿ, ಎರಡೂ ಕೈಯಿಂದ ಮಣ್ಣು ತಡವುತ್ತಿದ್ದರು. ಕೈಜಾರಿದ ಸೀಟಿ ಅವರ ಕಾಲಬೆರಳ ಮುಂದೆಯೇ ಬಿದ್ದಿತ್ತು. ಅವರು ಬೇರೆ ಕಡೆ ಹುಡುಕುತ್ತಿದ್ದರು. ಅಷ್ಟರಲ್ಲಿ ಅಭಿಜಿತ ನುಸುಳಿ ಮೇಲೆ ಬಂದ. ಸೀಟಿ ಸಿಕ್ಕಿತು. ಕಲ್ಲಯ್ಯ ಎದ್ದು, ತಿರುಗಿ, ಊದಿದರು.

ಎಲ್ಲರೂ ತವನಪ್ಪನ ಕಡೆ ತಿರುಗಿದರು.

"ಕಾಕಾರನ್ನ ನೋಡಬ್ಯಾಡ್ರಿ," ಎಂದಳು ಹರ್ಷದಾ. "ನಿನ್ನೆ ನಾನೂ ಅವರ ಮ್ಯಾಲ ಸಂಶಯ ಪಟ್ಟೆ. ಈಗ ಲೆಕ್ಕ ಹಾಕ್ರಿ. ಭುಜ ತಾಗಿದ್ದು ಎರಡು ಸೆಕೆಂಡ್. ಕತ್ತರಿಸಿದ್ದು ಹನ್ನೊಂದು. ಅಭಿಜಿತನ್ನ ಉಳಸಾಕ ಎರಡು ತಗದ್ರ ಸಾಕಿತ್ತು. ಉಳಿದ ಒಂಬತ್ತರಾಗ ಯಾರದಾರ? ಕಾಕಾ, ಬುಧವಾರ ಜೀಪು ಯಾರಿಗೆ ಕೊಟ್ಟಿದ್ರಿ?"

ತವನಪ್ಪ ನಿಧಾನವಾಗಿ ಹೇಳಿದರು. "ವಸ್ತಾದರಿಗೆ, ಡ್ರೈವರನ್ನೂ ಕೊಟ್ಟು. ಮಿರಜಿಗೆ ಕಣ್ಣಿನ ಡಾಕ್ಟರ ಕಡೆ ಹೋಗತೇನಿ ಅಂದಿದ್ರು."

"ನನಗ ಮಣ್ಣಾಗ ನಿಲ್ಲೋದು ಕಲಿಸಿದವರು," ಶ್ರೀಪಾಲ ತಲೆ ಎತ್ತದೆ ಎಂದ. "ಇಲ್ಲ ಅನ್ನಾಕ ಆಗಲಿಲ್ಲ. ಕಾರ್ಡ್ ಹೆಂಗೂ ತ್ರಾಸ ಕೊಡತಿತ್ತು. ಅದರ ಮ್ಯಾಲ ಹಾಕಿದ್ರಾತು ಅಂದೆ."

ಕಲ್ಲಯ್ಯ ಜೇಬಿನ ಸೀಟಿ ತೆಗೆದು ಮುಂದಿಟ್ಟರು. "ಎರಡು ತಿಂಗಳಾತು. ಎಡಗಣ್ಣು ಹೋಗೇತಿ, ಬಲಗಣ್ಣಾಗ ಅರ್ಧ ಕಾಣತೈತಿ. ಮೂವತ್ತು ವರ್ಷ ಪಂಚ ಆದೋನು ಕಾಣೂದಿಲ್ಲ ಅಂತ ಹೆಂಗ ಹೇಳಲಿ?"

ಕಾಡವ್ವ ಎದ್ದು ನಿಂತಳು. "ಹೇಳಿದ್ರ ನಿಮ್ಮ ಮೈದಾನ ಹೋಗತಿತ್ರಿ. ಹೇಳದಿದ್ದಕ್ಕ ನನ್ನ ಮಗಂದು ಹೋಗತಿತ್ತು."

ಅಭಿಜಿತ ಎದ್ದು, ಗೋಡೆಗೆ ಒರಗಿಸಿದ್ದ ಗದೆಯನ್ನು ಎತ್ತಿ ಸಂಘರ್ಷನ ಮುಂದೆ ಹಿಡಿದ.

"ಬೆನ್ನಿಗೆ ಮಣ್ಣು ತಾಗಿದ್ದು ನನಗ ಗೊತ್ತಿತ್ತು. ಸೀಟಿ ಊದಿದ್ರು, ಸುಮ್ಮಗಾದೆ. ತಪ್ಪಾತು."

ಸಂಘರ್ಷ ಗದೆ ಹಿಡಿದು ಬಾಗಿಲ ಕಡೆ ನಡೆದ. "ಒಳಗ ಬರ್ರಿ ಕಾಕಾ," ಎಂದು ಜಟ್ಟೆಪ್ಪನ ಕೈ ಹಿಡಿದ.

ಮುದುಕ ಒಳಗೆ ಬಂದ. ತಾಲೀಮಿನ ನಡುಮಧ್ಯೆ ನಿಂತು ಹಲಗಿಯನ್ನು ಎದೆಗೆ ಆನಿಸಿಕೊಂಡ. ಬಿಡಿಬಿಡಿಯಾಗಿ ಬಡಿಯತೊಡಗಿದ.

ಕಲ್ಲಯ್ಯ ವಸ್ತಾದರು ಕಣ್ಣು ಮುಚ್ಚಿ ಬೆರಳು ಮಡಚುತ್ತಾ ಎಣಿಸಿದರು. ಎಂಟು.