ಬಿಳಿ ಜಾಗದ ತಾಳ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಜಾಗ ಬದಲಿಸುತ್ತಿದ್ದ ಕಾಲದಲ್ಲಿ, ಕುಂಕುಮಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಕೇತಯ್ಯ ಎಂಬ ಚಿತ್ರಕಾರನಿದ್ದ. ಅವನ ಹೆಂಡತಿ ಮಾಚಲೆ ಮದ್ದಲೆ ನುಡಿಸುವುದರಲ್ಲಿ ಎತ್ತಿದ ಕೈ. ಕೇತಯ್ಯ ಆನೆ, ಕುದುರೆ, ರಾಣಿಯರನ್ನು ಬರೆಯುತ್ತಿರಲಿಲ್ಲ. ಬರೀ ಬಣ್ಣ, ಗೆರೆ, ಚುಕ್ಕಿ. ಒಂದು ಬಣ್ಣ ಹಚ್ಚಿದರೆ ಏಳು ಹೆಜ್ಜೆ ಹಿಂದಕ್ಕೆ ನಡೆದು, ಬಾಗಿಲಲ್ಲಿ ಸುಮ್ಮನೆ ನಿಂತು ನೋಡಿ, ಮತ್ತೆ ಏಳು ಹೆಜ್ಜೆ ಮುಂದೆ ಬರುತ್ತಿದ್ದ. ಗಂಜಿ ಆರಿಹೋಗುತ್ತದೆಂದು ಮಾಚಲೆ ದಿನವೂ ಗದರುತ್ತಿದ್ದಳು.

ಅರಮನೆಯ ಗೋಡೆಗೆ ಅವನೊಂದು ಚಿತ್ರ ಬರೆದ: ಕೆಂಪು ಮಚ್ಚೆ, ಕರಿ ಗೆರೆ, ಚುಕ್ಕಿಗಳು, ನಡುವೆ ಬಣ್ಣ ಹಚ್ಚದೆ ಬಿಟ್ಟ ಬಿಳಿ ಜಾಗ. ಅದು ರಾಜನಿಗೆ ಬಹಳ ಹಿಡಿಸಿತು. ಆಸ್ಥಾನದ ಮಾಂತ್ರಿಕ ಧೂಮಜಟನಿಗೆ ಹೊಟ್ಟೆ ಉರಿಯಿತು. ಅವನು ಒಂದು ಹಿಡಿ ಬೂದಿ ಊದಿದ. ಕೇತಯ್ಯ ತನ್ನ ಚಿತ್ರದೊಳಗೇ ಸಿಕ್ಕಿಬಿದ್ದ. ರಾಜನಿಗೂ ಮಾಂತ್ರಿಕನೆಂದರೆ ಭಯ, ತಡೆಯಲಿಲ್ಲ.

ಮಾಚಲೆ ಮದ್ದಲೆ ಹೊತ್ತು ಓಡಿಬಂದಳು. ಧೂಮಜಟ ಹೇಳಿದ: "ಈ ಚಿತ್ರವನ್ನು ಮದ್ದಲೆಯಲ್ಲಿ ನುಡಿಸು. ಮೂರು ಸಲ ಅವಕಾಶ. ಸರಿಯಾದರೆ ನಿನ್ನ ಗಂಡ ಹೊರಗೆ. ತಪ್ಪಿದಷ್ಟೂ ಅವನು ಬಣ್ಣವಾಗಿ ಕರಗುತ್ತಾನೆ. ನಡುವೆ ತಾಳ ಕೆಡಿಸಿದವರು ಯಾರೇ ಆಗಲಿ, ಗೋಡೆಯ ಪಾಲು."

ಕೆಂಪು ಮಚ್ಚೆ ಅವಳಿಗೆ ಬೆಂಕಿಯಂತೆ ಕಂಡಿತು. ಬೆಂಕಿಯನ್ನೇ ನುಡಿಸಿದಳು. ಮಚ್ಚೆ ಹುಲಿಯಾಗಿ ಗೋಡೆಯಿಂದ ಹಾರಿ ಅವಳೆದುರು ಕುಳಿತಿತು. ಕೇತಯ್ಯನ ಕಾಲುಗಳು ಕರಗಿದವು.

ಎರಡನೆಯ ಸಲ ಎಡದಿಂದ ಬಲಕ್ಕೆ ಒಂದೊಂದನ್ನೂ ನುಡಿಸಿದಳು. ಕೆಂಪಿಗೆ ಅಂಗೈ, ಗೆರೆಗೆ ಉಜ್ಜು, ಚುಕ್ಕಿಗಳಿಗೆ ಬೆರಳು. ನಡುವಿನ ಬಿಳಿ ಜಾಗಕ್ಕೆ ಬಂದಾಗ ಹೆದರಿ, ಕೈಗೆ ಬಂದದ್ದನ್ನೆಲ್ಲ ತುಂಬಿಬಿಟ್ಟಳು. ಕರಿ ಗೆರೆ ಹಾವಾಗಿ ಅವಳ ಮುಂಗೈಗೆ ಸುತ್ತಿಕೊಂಡಿತು. ಕೇತಯ್ಯ ಕುತ್ತಿಗೆಯವರೆಗೂ ಕರಗಿದ.

ಉಳಿದದ್ದು ಒಂದೇ ಸಲ. ನಾದ ತುಂಬಿ ಬರಲೆಂದು ಮದ್ದಲೆಯ ಎಡಮುಖಕ್ಕೆ ಮೆತ್ತಿದ್ದ ರವೆಯ ಕಣಕ ಒಣಗಿತ್ತು. ಮಾಚಲೆ ನೀರು ಚಿಮುಕಿಸಿ ತಟ್ಟಿ ಹದ ಮಾಡುತ್ತಿದ್ದಾಗ ಗೋಡೆಯಿಂದ ಸಣ್ಣ ದನಿ ಬಂತು.

"ಮಾಚಲೆ, ಗಂಜಿ ಆರಿತೇನೆ?"

ಅವಳಿಗೆ ಅಳು ಬಂತು. ಅಳುತ್ತಲೇ ದಾರಿ ಹೊಳೆಯಿತು. ಕಂಡದ್ದನ್ನು ನುಡಿಸಿದರೆ ಸಾಲದು, ಅವನು ಬರೆದ ಬಗೆಯನ್ನು ನುಡಿಸಬೇಕು.

ಅಂಗೈಯಿಂದ ಒಂದು ಕೆಂಪು. ಏಳು ಪೆಟ್ಟು, ಏಳು ಹೆಜ್ಜೆ ಹಿಂದಕ್ಕೆ. ಅವನು ನಿಂತಷ್ಟು ಹೊತ್ತು ಕೈ ಗಾಳಿಯಲ್ಲಿ. ಏಳು ಹೆಜ್ಜೆ ಮುಂದಕ್ಕೆ. ಹೀಗೆಯೇ ಗೆರೆ, ಹೀಗೆಯೇ ಚುಕ್ಕಿಗಳು. ಕೊನೆಗೆ ಬಿಳಿ ಜಾಗ. ಅಲ್ಲಿ ಅವನು ಏನನ್ನೂ ಬರೆದಿರಲಿಲ್ಲ. ಮಾಚಲೆ ಕೈಯೆತ್ತಿ ಮನಸ್ಸಿನಲ್ಲೇ ಏಳರವರೆಗೆ ಎಣಿಸತೊಡಗಿದಳು. ಹುಲಿಯ ಉಸಿರು ಮುಖಕ್ಕೆ ಬಡಿಯಿತು. ಹಾವು ಬಿಗಿಯಿತು. ನಾಲ್ಕು. ಐದು. ಬಾರಿಸಿಬಿಡೋಣ ಎಂದು ಬೆರಳು ತವಕಿಸಿದವು. ಅವಳು ಬಿಡಲಿಲ್ಲ.

ಆರಕ್ಕೆ ಧೂಮಜಟನಿಂದ ತಡೆಯಲಾಗಲಿಲ್ಲ. "ಮರೆತೇಬಿಟ್ಟಳು," ಎಂದು ಗಹಗಹಿಸಿದ.

ಆ ನಗು ತಾಳದ ನಡುವೆ ಬಿತ್ತು. ಅವನ ಮಾತೇ ಅವನನ್ನು ಎಳೆದುಕೊಂಡಿತು. ಗೋಡೆಯ ಮೂಲೆಯಲ್ಲಿ ಬೂದಿ ಬಣ್ಣದ ಒಂದು ಚುಕ್ಕಿಯಾಗಿ ಉಳಿದುಬಿಟ್ಟ. ಮಾಚಲೆ ಏಳನ್ನೂ ಎಣಿಸಿ ಮುಗಿಸಿ ಮುಕ್ತಾಯದ ಪೆಟ್ಟು ಕೊಟ್ಟಳು. ಹುಲಿ ಮಚ್ಚೆಯಾಯಿತು, ಹಾವು ಗೆರೆಯಾಯಿತು. ಕೇತಯ್ಯ ಏಳು ಹೆಜ್ಜೆ ನಡೆದು ಹೊರಗೆ ಬಂದ.

ಅಂದಿನಿಂದ ಕುಂಕುಮಗಿರಿಯಲ್ಲಿ ಯಾರಿಗೂ ಮಾಟದ ಭಯವಿರಲಿಲ್ಲ. ರಾಜ, ಪ್ರಜೆ ಎಲ್ಲರೂ ಸುಖವಾಗಿದ್ದರು. ಮಾಚಲೆ ಗದರುವುದನ್ನು ಬಿಟ್ಟಳೆಂದರೆ ಸುಳ್ಳಾದೀತು. ಗದರುತ್ತಿದ್ದಳು, ಆದರೆ ಅವನು ನಿಂತು ನೋಡಿ, ಏಳು ಹೆಜ್ಜೆ ಮುಂದೆ ಬಂದ ಮೇಲೆ.