ಮೇನ್ ತೆಗೆದೇ ಇರಬೇಕು

ಚಂಡಮಾರುತ ದಡಕ್ಕೆ ಬಡಿದ ಮೂರನೆಯ ದಿನ, ಹದಿನೈದನೇ ತಾರೀಕು ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಗೆ ದೂರು ಬಂತು. ತಂದವಳು ಲೈನ್‌ಮನ್ನನ ಹೆಂಡತಿ. ಗಂಡ ಸತ್ತು ಎರಡು ಗಂಟೆಯೂ ಆಗಿರಲಿಲ್ಲ. ಅರ್ಜಿಯನ್ನು ಯಾರೋ ಬರೆದುಕೊಟ್ಟಿದ್ದರು, ಸಹಿ ಮಾತ್ರ ಅವಳದು. ಕಂಬದ ಮೇಲೆ ತುಂಡಾದ ತಂತಿ ಜೋಡಿಸುತ್ತಿದ್ದ ಗಂಡನಿಗೆ ಸಬ್‌ಸ್ಟೇಷನ್ನಿನ ಆಪರೇಟರ್ ಹಳೆಯ ಜಗಳದ ಸೇಡಿಗೆ ಕರೆಂಟ್ ಬಿಟ್ಟಿದ್ದಾನೆ ಎಂಬುದು ದೂರಿನ ಸಾರಾಂಶ.

ಸತ್ತವನನ್ನು ಊರೆಲ್ಲ ಏಣಿ ಎಂದೇ ಕರೆಯುತ್ತಿತ್ತು. ಆರಡಿ ದಾಟಿದ ಆಸಾಮಿ. ನಿನಗೆ ಕಂಬ ಹತ್ತುವ ಭತ್ಯೆ ಯಾಕೆ, ನಿಂತಲ್ಲೇ ಕೈ ಎಟುಕುತ್ತಲ್ಲ ಎಂದು ಆಫೀಸಿನವರು ಕಾಲೆಳೆಯುತ್ತಿದ್ದರಂತೆ.

ಆಪರೇಟರ್ ಆಗಲೇ ಠಾಣೆಯಲ್ಲಿದ್ದ. ಜನ ಸಬ್‌ಸ್ಟೇಷನ್ನಿನ ಗೇಟು ಮುರಿಯುವ ಮೊದಲೇ ಹೆಡ್ ಕಾನ್‌ಸ್ಟೆಬಲ್ ಅವನನ್ನು ಜೀಪಿಗೆ ಹತ್ತಿಸಿಕೊಂಡು ಬಂದಿದ್ದರು. ಮೂರು ದಿನದಿಂದ ಡ್ಯೂಟಿ ಬದಲಿಸಲು ಯಾರೂ ಬಂದಿರಲಿಲ್ಲ, ಅವನು ಕಣ್ಣು ಮುಚ್ಚಿರಲಿಲ್ಲ. ಕರೆಂಟ್ ಬಿಟ್ಟೆಯಾ ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಬಿಟ್ಟಿಲ್ಲ ಅಂತಾನೇ ಅನ್ಸುತ್ತೆ ಸಾರ್. ನಿದ್ದೆಗಣ್ಣಲ್ಲಿ ಕೈ ಎಲ್ಲಿಗಾದ್ರೂ ಹೋಗಿದ್ರೆ ನಂಗೇ ಗೊತ್ತಿಲ್ಲ."

ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆಯುವ ಇಂಥ ಉತ್ತರವನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವಿಸಿನಲ್ಲಿ ಹೆಚ್ಚು ಕೇಳಿರಲಿಲ್ಲ. ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಆಪರೇಟರನ ಹೆಸರು ಬಿತ್ತು. ಹೊರಗೆ ಗೇಟಿನ ಬಳಿ ಅವನ ಹೆಂಡತಿ ಕೂತಿದ್ದಳು.

ಎರಡು ಗಂಟೆ ಹತ್ತು ನಿಮಿಷಕ್ಕೆ ಸ್ಥಳ ಪಂಚನಾಮೆ. ಬೀದಿಯ ಕೊನೆಯ ಕಂಬ. ತಂತಿ ತುಂಡಾದ ಜಾಗದಿಂದ ಆಚೆಗೆ ಮೂರೇ ಮನೆ. ಹೆಡ್ ಕಾನ್‌ಸ್ಟೆಬಲ್ ಬರೆಯುತ್ತಿದ್ದರು, ಇನ್‌ಸ್ಪೆಕ್ಟರ್ ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ತಿದ್ದುತ್ತಿದ್ದರು. ಠಾಣೆಯವರು ಬೆನ್ನ ಹಿಂದೆ ಅವರನ್ನು ಕನ್ನಡ ಮೇಷ್ಟ್ರು ಎನ್ನುತ್ತಿದ್ದದ್ದು ಅವರಿಗೂ ಗೊತ್ತಿತ್ತು.

"ಚೀಲ ಕಂಡುಬಂದಿರುತ್ತದೆ ಅಂತ ಬರೀಬೇಡ್ರಿ. ಯಾರಿಗೆ ಕಂಡಿತು, ಎಲ್ಲಿ ಕಂಡಿತು? ಒಂದು ಮಾತಿಗೆ ಎರಡು ಅರ್ಥ ಇದ್ರೆ ವಕೀಲ ನಮ್ಮನ್ನ ನುಂಗಿ ನೀರು ಕುಡೀತಾನೆ."

ಚೀಲ ಕಂಡದ್ದು ಹೆಡ್ ಕಾನ್‌ಸ್ಟೆಬಲ್ಲರಿಗೇ, ಕಂಬದ ಬುಡದಲ್ಲಿ. ಅದರೊಳಗೆ ಕಟಿಂಗ್ ಪ್ಲೇಯರ್, ಟೆಸ್ಟರ್, ಒಂದು ಜೊತೆ ಕೈಗವಸು, ಜೊತೆಗೆ ಪಿಂಗಾಣಿಯ ಮೂರು ಫ್ಯೂಸುಗಳು. ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಲ್ಲಿ ಅವುಗಳ ಜಾಗ ಖಾಲಿ ಇತ್ತು. ಕಂಬ ಹತ್ತುವವನು ಫ್ಯೂಸು ಕಿತ್ತು ತನ್ನ ಚೀಲದಲ್ಲೇ ಇಟ್ಟುಕೊಳ್ಳುತ್ತಾನೆ, ಬೇರೆಯವರು ತಿಳಿಯದೆ ಹಾಕದಿರಲಿ ಎಂದು. ಹಾಗೆಂದವನು ಜೊತೆಗೆ ಬಂದಿದ್ದ ವಿದ್ಯುತ್ ಕಚೇರಿಯ ಎಂಜಿನಿಯರ್.

"ಅಂದ್ರೆ ಆಪರೇಟರ್ ಏನೇ ಒತ್ತಿದ್ರೂ ಕರೆಂಟ್ ಇಲ್ಲಿಗೆ ಬರಲ್ಲ?"

"ದಾರಿನೇ ಇಲ್ಲ ಸಾರ್."

"ಮತ್ತೆ ಎಲ್ಲಿಂದ ಬಂತು?"

ಎಂಜಿನಿಯರ್ ಆ ಮೂರು ಮನೆಗಳ ಕಡೆ ನೋಡಿದ. ಮೇನ್ ಆಫ್ ಮಾಡದೆ ಮನೆಯಲ್ಲಿ ಜನರೇಟರ್ ಹಾಕಿದರೆ, ಕರೆಂಟ್ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟು ಬೀದಿಯ ತಂತಿಗೆ ಏರುತ್ತದೆ ಎಂದ. ಆಮೇಲೆ ತನ್ನಷ್ಟಕ್ಕೇ ಎಂಬಂತೆ ಇನ್ನೊಂದು ಮಾತು ಸೇರಿಸಿದ.

"ಮನೆ ಕಡೆಯ ತುದಿಗೂ ಟೆಸ್ಟರ್ ಇಟ್ಟು ನೋಡ್ಬೇಕಿತ್ತು. ಏಣಿ ಅದನ್ನ ಬಿಡೋನೇ ಅಲ್ಲ. ಇವತ್ತು ಯಾಕೆ ಬಿಟ್ಟನೋ."

ಇನ್‌ಸ್ಪೆಕ್ಟರ್ ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಮೊದಲ ಮನೆಗೆ ಬೀಗ, ಮನೆಯವರು ಪರಿಹಾರ ಶಿಬಿರದಲ್ಲಿದ್ದರು. ಎರಡನೆಯದು ಟೈಲರಮ್ಮನದು. ಬೆಳಿಗ್ಗೆ ಅವಳ ಮನೆಯ ಬಲ್ಬು ಮಂಕಾಗಿ ಹತ್ತಿತಂತೆ. ಕರೆಂಟ್ ಬಂತೆಂದು ಹಿಗ್ಗಿ ಮೊಬೈಲನ್ನು ಚಾರ್ಜಿಗೆ ಹಾಕಿದಾಗ ಅದರಲ್ಲಿ ಹತ್ತು ಮೂವತ್ತೆಂಟು ತೋರಿಸುತ್ತಿತ್ತು. ನಾಲ್ಕು ನಿಮಿಷಕ್ಕೆ ಹೋಯಿತು. ಆಗಲೇ ಬೀದಿಯಲ್ಲಿ ಕೂಗಾಟ. ಪಕ್ಕದ ಮನೆಯ ಎಂಜಿನ್ ಸದ್ದು ಮಾತ್ರ ಹನ್ನೊಂದು ದಾಟುವವರೆಗೂ ಇತ್ತು ಎಂದಳು. ಹಾಗೆಂದ ಮೇಲೆ ತಾನು ಎಂಥ ಮಾತಾಡಿದೆ ಎಂದು ಹೊಳೆದು ಒಳಗೆ ಹೋಗಿಬಿಟ್ಟಳು.

ಪಕ್ಕದ ಮನೆ ಏಣಿಯ ಅಕ್ಕನದು.

ಭಾವ ಬಾಗಿಲಲ್ಲೇ ನಿಂತಿದ್ದ. ಊರಿನ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವ ಕೆಲಸ, ಇಪ್ಪತ್ತೆಂಟು ವರ್ಷದ ಸರ್ವಿಸು. ಒಳಗೆ ಬಿಡುವ ಮೊದಲು ತಗ್ಗಿದ ದನಿಯಲ್ಲಿ ಒಂದೇ ಒಂದು ಬೇಡಿಕೆ ಇಟ್ಟ. ನಿನ್ನ ತಮ್ಮ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಆಸ್ಪತ್ರೆಯಲ್ಲಿದ್ದಾನೆ ಎಂದು ಹೆಂಡತಿಗೆ ಹೇಳಿದ್ದೇನೆ, ತಾವೂ ಹಾಗೇ ಹೇಳಬೇಕು ಎಂದ.

ಅವಳು ಒಳಕೋಣೆಯ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದಳು. ಮೂಗಿಗೆ ಮಾಸ್ಕ್, ಪಕ್ಕದಲ್ಲಿ ಸಿಲಿಂಡರ್. ಹಾಸಿಗೆಯ ತಲೆಯ ಬಳಿ ಕರೆಂಟಿನಿಂದ ನಡೆಯುವ ಆಕ್ಸಿಜನ್ ಮೆಷಿನ್ ಸುಮ್ಮನೆ ನಿಂತಿತ್ತು. ಶ್ವಾಸಕೋಶ ಕೆಟ್ಟು ಎರಡು ವರ್ಷ. ಆಕ್ಸಿಜನ್ ನಿಂತರೆ ಹತ್ತು ನಿಮಿಷ ತಡೆಯುವುದೂ ಕಷ್ಟ. ಪೊಲೀಸರನ್ನು ನೋಡಿದ್ದೇ ಅವಳು ತಮ್ಮ ಹೇಗಿದ್ದಾನೆ ಎಂದು ಕೇಳಿದಳು. ಒಂದು ಮಾತಿಗೆ ಒಂದೇ ಅರ್ಥ ಬೇಕೆನ್ನುವ ಇನ್‌ಸ್ಪೆಕ್ಟರ್, ಇದ್ದಾನಮ್ಮ, ಡಾಕ್ಟರು ನೋಡ್ತಿದ್ದಾರೆ ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಹಿತ್ತಲಲ್ಲಿ ಟಾರ್ಪಾಲು ಹೊದಿಸಿದ ಜನರೇಟರ್ ಇತ್ತು. ಬೆಳಿಗ್ಗೆ ಏಣಿ ತಂದಿಟ್ಟದ್ದು, ತಾನು ಸ್ಟಾರ್ಟೇ ಮಾಡಿಲ್ಲ ಎಂದ ಭಾವ. ಇನ್‌ಸ್ಪೆಕ್ಟರ್ ವಾದಕ್ಕೆ ಇಳಿಯಲಿಲ್ಲ. ಆರೋಗ್ಯ ಕೇಂದ್ರಕ್ಕೆ ಮಹಿಳಾ ಕಾನ್‌ಸ್ಟೆಬಲ್ಲನ್ನು ಕಳಿಸಿ ರಿಜಿಸ್ಟರ್ ನೋಡಿಸಿದರು. ಹಳೆಯ ಸಿಲಿಂಡರ್ ಹತ್ತೂವರೆಗೆ ಮುಗಿದಿದೆ ಎಂದು ಈ ಮನೆಯಿಂದ ಫೋನು ಹೋಗಿತ್ತು. ಹೊಸದು ಬಂದದ್ದು ಹನ್ನೊಂದು ಇಪ್ಪತ್ತಕ್ಕೆ.

ನಾಲ್ಕು ಗಂಟೆಗೆ ಹಿತ್ತಲಲ್ಲೇ ಹೇಳಿಕೆ.

"ಆ ಐವತ್ತು ನಿಮಿಷ ನಿಮ್ಮ ಹೆಂಡತಿ ಹೇಗೆ ಉಸಿರಾಡಿದ್ರು?"

ಅವನು ಬಗ್ಗಿ ಟಾರ್ಪಾಲಿನ ತುದಿಯನ್ನು ಸರಿಮಾಡಿದ.

"ಜನರೇಟರಿನಿಂದ ಮನೆಗೆ ಕೊಟ್ಟ ವೈರ್ ಎಲ್ಲಿ?"

"ವಾಲ್ವ್ ಗುಂಡಿಯಲ್ಲಿ ಸಾರ್."

ಊರಿನ ನೀರಿನ ಟ್ಯಾಂಕಿನ ಕೆಳಗಿನ ವಾಲ್ವ್ ಗುಂಡಿಯಿಂದ ಪಂಚರ ಎದುರು ವೈರನ್ನು ಜಪ್ತಿ ಮಾಡಲಾಯಿತು. ಎರಡೂ ತುದಿಗೆ ಪ್ಲಗ್ ಇದ್ದ, ಎಂಟು ಅಡಿ ಉದ್ದದ ವೈರ್. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಯಾರೂ ಮಾಡಬಾರದ ಕೆಲಸ ಅದು ಎಂದು ಎಂಜಿನಿಯರ್ ಹೇಳಿದ. ಮಾಡಿದವನು ಏಣಿಯೇ. ಬರೀ ಮೆಷಿನ್ ನಡೆಸುವುದಾದರೆ ನೇರವಾಗಿ ಜನರೇಟರಿಗೆ ಸಿಕ್ಕಿಸಿದ್ದರೆ ಸಾಕಿತ್ತು. ಸೆಕೆಯಲ್ಲಿ ಅಕ್ಕನಿಗೆ ಫ್ಯಾನೂ ತಿರುಗಲಿ ಎಂದು ಇಡೀ ಮನೆಗೆ ಕೊಟ್ಟಿದ್ದ.

"ಏಣಿ ಏನು ಹೇಳಿ ಹೋದ? ಅವನ ಮಾತನ್ನೇ ಹೇಳಿ."

"ಸಿಲಿಂಡರ್ ಮುಗಿದ್ರೆ ಎಂಜಿನ್ ಎಳೀರಿ ಭಾವ, ಆದ್ರೆ ಮೇನ್ ತೆಗೆದೇ ಇರ್ಬೇಕು, ಮರೀಬೇಡಿ ಅಂದ. ಎರಡು ಸಲ ಅಂದ. ನಾನು ತೆಗೆದೇ ಎಳೆದೆ ಸಾರ್."

"ಹೇಗೆ ತೆಗೆದ್ರಿ? ತೋರಿಸಿ."

ಅವನು ಜಗಲಿಯ ಬೋರ್ಡಿನ ಮುಂದೆ ನಿಂತು, ಕೆಳಗೆ ಬಿದ್ದಿದ್ದ ಮೇನಿನ ಹಿಡಿಯನ್ನು ಮೇಲಕ್ಕೆ ಎತ್ತಿದ. ಹೆಡ್ ಕಾನ್‌ಸ್ಟೆಬಲ್ಲರ ಪೆನ್ನು ನಿಂತಿತು. ಅದು ಹಾಕಿದ್ದು, ತೆಗೆದದ್ದಲ್ಲ ಎಂದು ಅವರ ಬಾಯಿಂದ ಬಂತು.

"ಈಗ ಗೊತ್ತು," ಅಂದ ಭಾವ. "ವಾಲ್ವ್ ತೆಗಿ ಅಂದ್ರೆ ನೀರು ಬಿಡು ಅಂತ. ಇಷ್ಟು ವರ್ಷ ತೆಗೆದೇ ನೀರು ಬಿಟ್ಟಿದ್ದೀನಿ. ತೆಗೀದೆ ಏನಾದ್ರೂ ಬರುತ್ತಾ? ಹಿಡಿ ಕೆಳಗಿತ್ತು, ಮೇನ್ ಮುಚ್ಚಿಯೇ ಇದೆ ಅಂದ್ಕೊಂಡೆ. ಅವಳು ಆಗಲೇ ನೀಲಿ ತಿರುಗಿದ್ದಳು."

ಇನ್‌ಸ್ಪೆಕ್ಟರಿಗೆ ಎಂಜಿನಿಯರನ ಪ್ರಶ್ನೆ ನೆನಪಾಯಿತು. ಏಣಿ ತಾನೇ ಮೇನ್ ಆಫ್ ಮಾಡಿ, ಹಾಗೇ ಇರಲಿ ಎಂದು ಎರಡು ಸಲ ಹೇಳಿ ಹೋಗಿದ್ದ. ಅಕ್ಕನ ಮನೆಯ ಕಡೆಯ ತಂತಿಗೆ ಅವನು ಟೆಸ್ಟರ್ ಯಾಕೆ ಇಟ್ಟಾನು?

"ತಪ್ಪು ಯಾವಾಗ ಗೊತ್ತಾಯ್ತು?"

"ಬೀದಿಯಲ್ಲಿ ಎಲ್ಲರೂ ಕೂಗ್ತಿದ್ರು ಸಾರ್. ಕರೆಂಟ್ ತೆಗೀರಿ, ಯಾರಾದ್ರೂ ಕರೆಂಟ್ ತೆಗೀರಿ ಅಂತ. ಆಗ ಹೊಳೀತು. ಹಿಡಿ ಕೆಳಗೆ ಎಳೆದೆ."

ಎಂಜಿನ್ ಮಾತ್ರ ಅವನು ನಿಲ್ಲಿಸಲಿಲ್ಲ. ಹೊಸ ಸಿಲಿಂಡರ್ ಬರುವವರೆಗೆ ಅದರ ಪಕ್ಕದಲ್ಲೇ ಕೂತಿದ್ದ. ಐವತ್ತು ಹೆಜ್ಜೆ ಆಚೆ ಕಂಬದ ಬುಡದಲ್ಲಿ ಭಾವಮೈದನನ್ನು ಮಲಗಿಸಿದ್ದರು, ಅವನು ಹೋಗಿ ನೋಡಲಿಲ್ಲ.

ಆಪರೇಟರ್ ಜೈಲಿಗೆ ಹೋಗುತ್ತಿದ್ದ, ಗೊತ್ತಿತ್ತೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಗೊತ್ತಿತ್ತು ಎಂದ. ತನಗೆ ಜೈಲಿನ ಹೆದರಿಕೆ ಇಲ್ಲ ಎಂದೂ ಅಂದ.

"ತಮ್ಮ ಹೋಗಿದ್ದು ಇವಳ ಉಸಿರಿಗೋಸ್ಕರ ಅಂತ ಗೊತ್ತಾದ್ರೆ, ಇವಳು ಆ ಮಾಸ್ಕ್ ಇಟ್ಕೊಳ್ಳಲ್ಲ ಸಾರ್. ಅದಕ್ಕೇ ಮುಚ್ಚಿಟ್ಟೆ."

ಆಪರೇಟರನನ್ನು ಸಂಜೆ ಬಿಟ್ಟರು. ಬಿಟ್ಟಿದ್ದೇವೆ ಎಂದರೂ ನಂಬದೆ ಅವನು ಬೆಂಚಿನ ಮೇಲೇ ಕೂತಿದ್ದ, ಹೆಂಡತಿ ಬಂದು ಕೈ ಹಿಡಿದು ಎಬ್ಬಿಸಬೇಕಾಯಿತು. ಏಣಿಯ ಹೆಂಡತಿಗೆ ವಿಷಯ ತಿಳಿಸಿದ್ದು ಇನ್‌ಸ್ಪೆಕ್ಟರರೇ. ಅವಳು ಅಳಲಿಲ್ಲ, ದೂರು ವಾಪಸ್ ಪಡೆಯಬಹುದೇ ಎಂದು ಕೇಳಿದಳು. ಆಗುವುದಿಲ್ಲ ಎಂದು ಅವರು ಹೇಳಬೇಕಾಯಿತು.

ಹದಿನಾರನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಬೀದಿಗೆ ಕರೆಂಟ್ ಬಂತು. ಹತ್ತು ಗಂಟೆಗೆ ಭಾವನ ಬಂಧನ. ಅಜಾಗರೂಕತೆಯಿಂದ ಸಾವಿಗೆ ಕಾರಣನಾದದ್ದು ಒಂದು, ಸಾಕ್ಷ್ಯ ಮುಚ್ಚಿಟ್ಟದ್ದು ಇನ್ನೊಂದು. ಬಂಧನದ ಕಾರಣವನ್ನು ಮನೆಯವರಿಗೆ ಓದಿ ಹೇಳಿ ಸಹಿ ಪಡೆಯಬೇಕು ಎಂಬುದು ಕಾನೂನು. ಮನೆಯಲ್ಲಿ ಇದ್ದವಳು ಹೆಂಡತಿಯೊಬ್ಬಳೇ. ಇನ್‌ಸ್ಪೆಕ್ಟರ್ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತುಮಾಡಿಸಿ, ಆಂಬುಲೆನ್ಸಿಗೆ ಹೇಳಿ, ಮಹಿಳಾ ಕಾನ್‌ಸ್ಟೆಬಲ್ಲನ್ನು ಮಂಚದ ಪಕ್ಕ ಕೂರಿಸಿದರು. ಮಾಡಬಹುದಾದದ್ದು ಅಷ್ಟೇ. ಆಮೇಲೆ ಓದಿದರು. ಯಾವ ಮಾತಿಗೂ ಎರಡು ಅರ್ಥ ಬರದಂತೆ ರಾತ್ರಿ ಅವರೇ ತಿದ್ದಿದ್ದ ಕಾಗದ ಅದು. ಅರ್ಧ ಅರ್ಥವಾಗದಂತೆ ಬರೆದಿದ್ದರೆ ಚೆನ್ನಾಗಿತ್ತು ಎಂದು ಓದುವಾಗ ಅನಿಸಿತು.

ಭಾವ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಅವಳು ಪೂರ್ತಿ ಕೇಳಿದಳು. ಕನ್ನಡಕ ತರಿಸಿಕೊಂಡು ಕಾಗದವನ್ನು ಇನ್ನೊಮ್ಮೆ ತಾನೇ ಓದಿದಳು. ತೋರಿಸಿದ ಜಾಗದಲ್ಲಿ ಸಹಿ ಮಾಡಿ ಪೆನ್ನನ್ನು ಹಿಂದಕ್ಕೆ ಕೊಟ್ಟಳು. ಫ್ಯಾನು ತಿರುಗುತ್ತಿತ್ತು, ಮೆಷಿನ್ ಸದ್ದು ಮಾಡುತ್ತಿತ್ತು. ಅವಳು ಗಂಡನ ಕಡೆ ಒಮ್ಮೆ ನೋಡಿ, ಸೋತ ಕೈಯನ್ನು ಎದೆಯ ಮೇಲಿಂದ ಸ್ವಲ್ಪ ಎತ್ತಿದಳು.

"ತೆಗೀರಿ," ಅಂದಳು.

ಮಹಿಳಾ ಕಾನ್‌ಸ್ಟೆಬಲ್ ತಟ್ಟನೆ ಎದ್ದು ಹೋಗಿ ಕಿಟಕಿ ತೆಗೆದಳು. ಅವಳು ಹೇಳಿದ್ದು ಕಿಟಕಿಯನ್ನಲ್ಲ ಎಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು, ಬಾಗಿಲಲ್ಲಿ ನಿಂತವನಿಗೂ ಗೊತ್ತಿತ್ತು. ಇನ್‌ಸ್ಪೆಕ್ಟರ್ ಅವಳ ಮಾಸ್ಕಿನ ಪಟ್ಟಿಯನ್ನು ಸರಿಮಾಡಿ, ಕಾಗದ ಮಡಚಿಟ್ಟುಕೊಂಡರು. ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಆರೋಪಿಯನ್ನು ಜೀಪಿಗೆ ಹತ್ತಿಸಲಾಯಿತು.